ಮಹೀಂದ್ರ ಸಿಜೆ-3ಬಿ ಹಳೇ ಜೀಪು: ಪುಣೆ, ಮುಂಬೈ, ಗೋವಾದಲ್ಲಿ ಕೊಳ್ಳುವಾಗ ಅಸಲಿ ಎಷ್ಟು, ತುಕ್ಕು ಎಷ್ಟು

ಹಳೇ ಜೀಪು ನೋಡಲು ಹೋದವರು ಸಾಮಾನ್ಯವಾಗಿ ಮೊದಲು ಬಾನೆಟ್ಟು ಎತ್ತುತ್ತಾರೆ. ಎಂಜಿನ್ ಕೆಟ್ಟಿದ್ದರೆ ಬೋರ್ ಮಾಡಿಸಬಹುದು, ಗೇರ್‌ಬಾಕ್ಸ್ ಬಿಚ್ಚಿಸಬಹುದು, ಸೀಟು ಹೊಲಿಸಬಹುದು. ಆದರೆ ಚಾಸಿ, ಅಂದರೆ ಇಡೀ ಗಾಡಿಯನ್ನು ಹೊರುವ ಅಡಿಯ ಉಕ್ಕಿನ ಚೌಕಟ್ಟು, ಕೊಳೆತಿದ್ದರೆ, ಇಲ್ಲವೇ ಚಾಸಿ ನಂಬರು ಆರ್‌ಸಿಗೆ ತಾಳೆಯಾಗದಿದ್ದರೆ, ಉಳಿದದ್ದೆಲ್ಲ ಗುಜರಿ ಮಾಲು. ಸಿಜೆ-3ಬಿ ಕೊಳ್ಳುವವರು ಮೊದಲು ಗಾಡಿಯ ಅಡಿಗೆ ತೂರಬೇಕು. ಬಾನೆಟ್ಟಿನ ಸರದಿ ಕೊನೆಗೆ.

ಗಾಡಿಯ ಹಿನ್ನೆಲೆ ಇಷ್ಟು. ವಿಲ್ಲೀಸ್ ಸಿಜೆ-3ಬಿ ಅಮೆರಿಕದಲ್ಲಿ ತಯಾರಾದದ್ದು 1953ರಿಂದ 1968ರವರೆಗೆ. ಮುಂಬೈಯ ಮಜ್‌ಗಾಂವ್‌ನಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಿ ಮಾರಲು ತೊಡಗಿದ ಮಹೀಂದ್ರ ಕಂಪನಿ, ಅಮೆರಿಕದಲ್ಲಿ ತಯಾರಿ ನಿಂತ ಮೇಲೂ ಇಲ್ಲಿ ಈ ಮಾದರಿಯನ್ನು ಬಹಳ ಕಾಲ ಮುಂದುವರಿಸಿತು. ಎತ್ತರದ ಬಾನೆಟ್ಟೇ ಇದರ ಗುರುತು. ಒಳಗಿನ ಹರಿಕೇನ್ ಪೆಟ್ರೋಲ್ ಎಂಜಿನ್ನಿನಲ್ಲಿ ಇನ್‌ಲೆಟ್ ವಾಲ್ವು ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲಿ. ಹೀಗಾಗಿ ಎಂಜಿನ್ ಎತ್ತರ, ಅದಕ್ಕೆ ತಕ್ಕಂತೆ ಬಾನೆಟ್ಟೂ ಎತ್ತರ. ನಾಲ್ಕು ಸಿಲಿಂಡರ್, 2199 ಸಿಸಿ, ಬೋರ್ 79.4 ಮಿಮೀ, ಸ್ಟ್ರೋಕ್ 111.1 ಮಿಮೀ. ಮೂರು ಗೇರಿನ ಟಿ-90 ಗೇರ್‌ಬಾಕ್ಸ್, ಹಿಂದೆ ಡಾನಾ-18 ಟ್ರಾನ್ಸ್‌ಫರ್ ಕೇಸ್ (ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್ಲುಗಳಿಗೆ ಹಂಚುವ ಪೆಟ್ಟಿಗೆ), ಮುಂದೆ ಸ್ಪೈಸರ್ 25 ಆಕ್ಸಲ್, ಹಿಂದೆ 44, ವ್ಹೀಲ್‌ಬೇಸ್ (ಮುಂಚಕ್ರ, ಹಿಂಚಕ್ರಗಳ ನಡುವಿನ ಅಂತರ) 80 ಇಂಚು. ಇಷ್ಟು ಅಂಕಿ ಬಾಯಲ್ಲಿದ್ದರೆ ಮಾರುವವರ ಅರ್ಧ ಮಾತು ಅಲ್ಲೇ ನಿಲ್ಲುತ್ತದೆ.

ಗಾಡಿ ಎಲ್ಲಿ ಬಾಳಿತು ಎನ್ನುವುದು ಅದರ ವಯಸ್ಸಿಗಿಂತ ಮುಖ್ಯ. ಪುಣೆ, ಸಾತಾರಾ, ಸೊಲ್ಲಾಪುರದ ಕಡೆಯ ಒಣಹವೆಯ ಗಾಡಿಯಲ್ಲಿ ತುಕ್ಕು ಮೇಲ್ಮೈಯಲ್ಲೇ ಉಳಿದಿರುತ್ತದೆ. ಬಣ್ಣ ಸುಟ್ಟು ಮಾಸಿರುತ್ತದೆ, ಲೋಹ ಗಟ್ಟಿಯಿರುತ್ತದೆ. ಗೋವಾ ಮತ್ತು ಮುಂಬೈಯ ಕಡಲಂಚಿನ ಗಾಡಿಗಳ ಕತೆ ಬೇರೆ. ಗಾಳಿಯ ತೇವ ಶೇ. 75 ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರು ಎಳೆದುಕೊಂಡು ಕರಗುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡೂ ಇರುವುದರಿಂದ ಅದು ಇದಕ್ಕಿಂತ ಬಹಳ ಕಡಿಮೆ ತೇವದಲ್ಲೇ ಒದ್ದೆಯಾಗುತ್ತದೆ. "ಸಾರ್, ಇದು ಶೆಡ್ಡಿನಲ್ಲೇ ಇತ್ತು, ಮಳೆಗೆ ನಿಂತೇ ಇಲ್ಲ" ಎಂಬ ಮಾತು ಕರಾವಳಿಯಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲ ಎನ್ನುವುದು ಇದಕ್ಕೇ. ಮಳೆ ಬಿದ್ದರೆ ಉಪ್ಪಾದರೂ ತೊಳೆದು ಹೋಗುತ್ತದೆ. ಶೆಡ್ಡಿನೊಳಗೆ ತೊಳೆಯುವವರು ಯಾರು?

ಗೋವಾದಲ್ಲಿ ಇನ್ನೆರಡು ವಿಷಯ. ಬಿಚೋಲಿ, ಸಾಂಗೇ ಕಡೆಯ ಗಣಿ ಪಟ್ಟಿಯಲ್ಲಿ ದುಡಿದ ಗಾಡಿಗಳ ಚಾಸಿಯೊಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಅದು ಮಳೆಗಾಲದ ನೀರನ್ನು ಬೇಸಿಗೆಯವರೆಗೂ ಹಿಡಿದಿಡುತ್ತದೆ. ಕುಳೆಯಿಂದ ದೂಧ್‌ಸಾಗರ್‌ಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳು ದಾರಿಯಲ್ಲಿ ಹೊಳೆ ಹಾಯುತ್ತವೆ. ಅಂಥ ಕೆಲಸದಿಂದ ನಿವೃತ್ತವಾದ ಗಾಡಿಯಾದರೆ ಹಬ್ಬು, ಹೌಸಿಂಗು, ಟ್ರಾನ್ಸ್‌ಫರ್ ಕೇಸುಗಳೊಳಗೆ ನೀರು ಹೊಕ್ಕಿದೆ ಎಂದೇ ಎಣಿಸಿ ಲೆಕ್ಕ ಹಾಕಬೇಕು. ಅದು ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬಂದಿದ್ದರೆ ಆರ್‌ಸಿಯಲ್ಲಿ ಆ ಬದಲಾವಣೆಯೂ ಕಾಣಬೇಕು.

ಪರೀಕ್ಷೆಗೆ ಹೋಗುವಾಗ ಒಯ್ಯಬೇಕಾದವು: 200 ಗ್ರಾಂ ಸುತ್ತಿಗೆ, ಚೂಪು ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಅಯಸ್ಕಾಂತ, ಟಾರ್ಚು, ಕೈಗನ್ನಡಿ, ವರ್ನಿಯರ್, ಉದ್ದ ಟೇಪು, ವೈರ್ ಬ್ರಶ್ಶು, ಸೀಮೆಎಣ್ಣೆ ಬಟ್ಟೆ, ಪೆನ್ಸಿಲ್ಲು, ತೆಳು ಕಾಗದ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. "ಬನ್ನಿ, ಬಿಸಿ ಮಾಡಿ ಇಟ್ಟಿದ್ದೇನೆ" ಎಂದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗುವುದಿಲ್ಲ ಎಂದೇ ತಿಳಿಯಿರಿ.

ಚಾಸಿಯಿಂದ ಶುರು ಮಾಡೋಣ. ಸಿಜೆ-3ಬಿಯ ಉದ್ದನೆಯ ಚಾನೆಲ್ಲುಗಳು ಬಹುಪಾಲು ಒಂದು ಬದಿ ತೆರೆದಿರುತ್ತವೆ. ಮುಂಭಾಗದಲ್ಲಿ ಮಾತ್ರ ಬಲಕ್ಕಾಗಿ ಪಟ್ಟಿ ಬೆಸೆದು ಪೆಟ್ಟಿಗೆಯಂತೆ ಮುಚ್ಚಿದ್ದಾರೆ. ತೆರೆದ ಭಾಗ ತುಕ್ಕು ಹಿಡಿದರೂ ಕಣ್ಣಿಗೆ ಬೀಳುತ್ತದೆ, ಗಾಳಿಯಾಡಿ ಒಣಗುತ್ತದೆ. ಮುಚ್ಚಿದ ಭಾಗ ಒಳಗಿನಿಂದ ಹೊರಕ್ಕೆ ಕೊಳೆಯುತ್ತದೆ. ಹೊರಗೆ ಬಣ್ಣ ನುಣ್ಣಗಿರುವಾಗಲೇ ಒಳಗೆ ಅರ್ಧ ದಪ್ಪ ಕರಗಿರಬಹುದು. ಸುತ್ತಿಗೆಯಲ್ಲಿ ಅಂಗೈಯಗಲಕ್ಕೊಂದು ಪೆಟ್ಟಿನಂತೆ ಬಡಿಯುತ್ತ ಹೋದರೆ ಗಟ್ಟಿ ಉಕ್ಕು 'ಟಣ್' ಎನ್ನುತ್ತದೆ, ಕೊಳೆತದ್ದು 'ದಬ್' ಎನ್ನುತ್ತದೆ. ದನಿ ಬದಲಾದ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಚಿರೋಟಿಯಂತೆ ಪದರ ಪದರವಾಗಿ ಎದ್ದು ಬಂದರೆ ಆ ಜಾಗದ ಕತೆ ಮುಗಿದಿದೆ. ಸಂದೇಹವಿದ್ದರೆ ಚಾಸಿಯ ಯಾವುದಾದರೂ ತೂತಿನ ಅಂಚಿನಲ್ಲಿ ವರ್ನಿಯರ್ ಇಟ್ಟು ದಪ್ಪ ಅಳೆದು, ಅದೇ ಚಾನೆಲ್ಲಿನ ಗಟ್ಟಿ ಭಾಗದ ದಪ್ಪಕ್ಕೆ ಹೋಲಿಸಿ. ಕಾಲು ಭಾಗಕ್ಕಿಂತ ಹೆಚ್ಚು ಕಳೆದಿದ್ದರೆ ಮೇಲೆ ಬಣ್ಣ ಬಳಿದು ಪ್ರಯೋಜನವಿಲ್ಲ. ಕತ್ತರಿಸಿ ಹೊಸ ತುಂಡು ಬೆಸೆಯಬೇಕು, ಆಗ ಗಾಡಿಯ ಅಸಲಿತನ ಅಷ್ಟರಮಟ್ಟಿಗೆ ಹೋಯಿತು.

ಚಾಸಿಯಲ್ಲಿ ವಿಶೇಷ ಗಮನ ಕೊಡಬೇಕಾದ ಜಾಗಗಳು ಇವು: ಕಮಾನು ಪಟ್ಟಿಗಳನ್ನು (ಲೀಫ್ ಸ್ಪ್ರಿಂಗ್) ಚಾಸಿಗೆ ಹಿಡಿದಿಡುವ ಹ್ಯಾಂಗರು ಕೂರುವ ಸುತ್ತಲಿನ ಜಾಗ, ಹಿಂದಿನ ಕ್ರಾಸ್ ಮೆಂಬರ್ (ಅಡ್ಡ ತೊಲೆ), ಗೇರ್‌ಬಾಕ್ಸ್ ಕೂರುವ ಕ್ರಾಸ್ ಮೆಂಬರ್, ಬಾಡಿ ಮತ್ತು ಚಾಸಿಯ ನಡುವೆ ಪ್ಯಾಡ್ ಇರುವ ಬಿಂದುಗಳು. ಪ್ಯಾಡು ನೀರು ಹಿಡಿದಿಡುವುದರಿಂದ ಅದರಡಿ ಲೋಹ ಸದಾ ಒದ್ದೆ. ಒಂದು ಬೋಲ್ಟ್ ಸಡಿಲಿಸಿ ಇಣುಕಲು ಮಾಲೀಕರು ಬಿಟ್ಟರೆ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ.

ಹೊಸದಾಗಿ ಕಪ್ಪು ಅಂಡರ್‌ಕೋಟಿಂಗ್ ಬಳಿದ ಚಾಸಿ ಕಂಡರೆ ಖುಷಿಪಡಬೇಡಿ. ತುಕ್ಕಿನ ಮೇಲೆ ರಬ್ಬರಿನಂಥ ಪದರ ಬಳಿದರೆ ತೇವ ಅದರಡಿ ಸಿಕ್ಕಿಬೀಳುತ್ತದೆ, ಕೊಳೆ ಮತ್ತಷ್ಟು ಚುರುಕಾಗುತ್ತದೆ. ಉಗುರಿನಲ್ಲಿ ಕೆರೆದರೆ ಸುಲಿದು ಬರುವ ಕೋಟಿಂಗ್ ಹಿಂದಿನ ವಾರದ್ದೂ ಇರಬಹುದು. ಗಾಡಿಗೆ ರಕ್ಷಣೆ ಮಾಡಿಸಿದ್ದೇವೆ ಎನ್ನುವವರನ್ನು ಕೇಳಬೇಕಾದದ್ದು ಒಂದೇ ಪ್ರಶ್ನೆ: ಬಳಿಯುವ ಮುಂಚೆ ತೆಗೆದ ಫೋಟೋ ಇದೆಯೇ?

ಇನ್ನು ಅಳತೆ. ಎರಡೂ ಬದಿಯ ವ್ಹೀಲ್‌ಬೇಸ್ 2032 ಮಿಮೀ ಆಸುಪಾಸು ಇರಬೇಕು, ಮುಖ್ಯವಾಗಿ ಎರಡೂ ಬದಿ ಸಮನಾಗಿರಬೇಕು. ಮುಂದಿನ ಎಡ ಹ್ಯಾಂಗರ್ ಬೋಲ್ಟಿನಿಂದ ಹಿಂದಿನ ಬಲ ಹ್ಯಾಂಗರ್ ಬೋಲ್ಟಿಗೆ ಒಂದು ಅಳತೆ, ಆಮೇಲೆ ಅಡ್ಡ ಬದಲಿಸಿ ಇನ್ನೊಂದು. ಎರಡರ ನಡುವೆ 6 ಮಿಮೀಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚಾಸಿ ಸೊಟ್ಟಗಾಗಿದೆ. ಚಾಸಿ ನೆಟ್ಟಗಿದ್ದು ವ್ಹೀಲ್‌ಬೇಸ್ ಮಾತ್ರ ಬೇರೆ ಬಂದರೆ ಕಮಾನು ಪಟ್ಟಿಯ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜಾರಿರಬಹುದು, ಅದು ಸಣ್ಣ ಖರ್ಚು. ಪ್ಯಾಸೆಂಜರ್ ಕೂರಿಸಲೆಂದು ಹಿಂದೆ ಉದ್ದ ಮಾಡಿಸಿ, ಈಗ ಅಸಲಿ ಎಂದು ಮಾರಲು ಮತ್ತೆ ಕತ್ತರಿಸಿದ ಗಾಡಿಗಳಿವೆ. ಮುಂಸೀಟಿನ ಹಿಂದೆ ಚಾನೆಲ್ಲಿನ ಎರಡೂ ಬದಿ ವೆಲ್ಡಿಂಗ್ ಗೆರೆ, ಗ್ರೈಂಡರ್ ಗುರುತು, ಒಳಬದಿಯಲ್ಲಿ ಬೆಸೆದ ಪಟ್ಟಿ ಹುಡುಕಿ.

ಚಾಸಿ ನಂಬರು ಪ್ಲೇಟಿನ ಮೇಲೂ ಚಾಸಿಯ ಮೇಲೂ ಇರಬೇಕು. ವೈರ್ ಬ್ರಶ್ಶಿನಲ್ಲಿ ಉಜ್ಜಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಕಾಗದವಿಟ್ಟು ಆರ್‌ಟಿಓಗೆ ಕೊಡುವಂತೆ ಪೆನ್ಸಿಲ್ ಅಚ್ಚು ತೆಗೆಯಿರಿ. ಅಂಕಿಗಳ ಆಳ ಒಂದೇ ಸಮ ಇದೆಯೇ, ಸಾಲು ನೆಟ್ಟಗಿದೆಯೇ, ಸುತ್ತಲಿನ ಮೇಲ್ಮೈ ತಗ್ಗಾಗಿದೆಯೇ ಎಂಬುದು ಕಣ್ಣಿಗಿಂತ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ನಂಬರಿರುವ ತುಂಡನ್ನೇ ಬೇರೆ ಚಾಸಿಯಿಂದ ಕತ್ತರಿಸಿ ತಂದು ಬೆಸೆದಿದ್ದರೆ ಅದರ ಸುತ್ತ ಚೌಕದ ಗೆರೆ ಸಿಗುತ್ತದೆ. ಅಂಥ ಗಾಡಿ ಪುಕ್ಕಟೆ ಕೊಟ್ಟರೂ ಬೇಡ.

ಬಾಡಿಯಲ್ಲಿ ನೋಡಬೇಕಾದದ್ದು ಎರಡು: ತಗಡು ಹಳೆಯದೇ, ಹಳೆಯದಾದರೆ ಎಷ್ಟು ಉಳಿದಿದೆ. ಹೊಸ ಟಬ್ಬುಗಳು (ಜೀಪಿನ ತೊಟ್ಟಿಯಂಥ ತೆರೆದ ಬಾಡಿ) ದುಡ್ಡು ಕೊಟ್ಟರೆ ಸಿಗುತ್ತವೆ. ಹರಿಯಾಣದ ಮಂಡಿ ಡಬವಾಲಿಯಂತೂ ಗುಜರಿ ಭಾಗಗಳ ಮೇಲೆ ಹೊಸ ತಗಡು ಹೊದಿಸಿ ಜೀಪು ಕಟ್ಟುವುದಕ್ಕೇ ಹೆಸರಾದ ಊರು. ಅಲ್ಲಿಂದ ಬಂದ ಗಾಡಿಗಳು ಗೋವಾದ ಬೀಚುಗಳಲ್ಲೂ ಪುಣೆಯ ಫಾರ್ಮ್‌ಹೌಸುಗಳಲ್ಲೂ ಓಡಾಡುತ್ತಿವೆ. ನೋಡಲು ಚಂದ. 'ವಿಂಟೇಜ್' ಎಂದು ಬೆಲೆ ಹೇಳಿದಾಗ ಮಾತ್ರ ತಕರಾರು.

ಅಸಲಿ ಬಾಡಿಯ ಕೂಡುಗಳಲ್ಲಿ ಸ್ಪಾಟ್ ವೆಲ್ಡಿನ ದುಂಡು ತಗ್ಗುಗಳು ಸಾಲಾಗಿ, ಹೆಚ್ಚುಕಡಿಮೆ ಸಮ ಅಂತರದಲ್ಲಿ ಇರುತ್ತವೆ. ಆ ಜಾಗದಲ್ಲಿ ಉದ್ದನೆಯ ಮಿಗ್ ವೆಲ್ಡಿಂಗ್ ಕಂಡರೆ ತುಂಡು ಬದಲಾಗಿದೆ. ತಗಡು ಸುಮಾರು 18 ಗೇಜ್, ಅಂದರೆ 1.2 ಮಿಮೀ ಇರಬೇಕು. ಹೊಸ ತೆಳು ತಗಡನ್ನು ಹೆಬ್ಬೆರಳಲ್ಲಿ ಒತ್ತಿದರೆ ಡಬಕ್ಕೆಂದು ಒಳಹೋಗಿ ಹೊರಬರುತ್ತದೆ. ಬಾನೆಟ್ಟಿನ ಬದಿಯಲ್ಲಿ ಅಚ್ಚೊತ್ತಿದ ಅಕ್ಷರಗಳಿದ್ದರೆ ಒಳಬದಿಗೆ ಕೈ ಹಾಕಿ ಸವರಿ. ಒತ್ತಿದ ಅಕ್ಷರವಾದರೆ ಹಿಂದೆ ಅದೇ ಆಕಾರದ ಹಳ್ಳವಿರುತ್ತದೆ, ಅಂಟಿಸಿದ ಅಕ್ಷರಕ್ಕೆ ಹಿಂದೆ ಏನೂ ಇರುವುದಿಲ್ಲ. ಎರಡು ನಿಮಿಷದ ಈ ಕೆಲಸವನ್ನು ಯಾರೂ ಮಾಡುವುದಿಲ್ಲ ಎಂಬ ಧೈರ್ಯದಲ್ಲೇ ಎಷ್ಟೋ ಬಾನೆಟ್ಟುಗಳು ಮಾರಾಟವಾಗುತ್ತವೆ.

ತಗಡಿನ ತಗ್ಗು ಮುಚ್ಚಲು ಬಳಿದ ಪುಟ್ಟಿ ಹುಡುಕಲು ಅಯಸ್ಕಾಂತ ಸಾಕು. ದಪ್ಪ ಪುಟ್ಟಿಯ ಮೇಲೆ ಅದು ಹಿಡಿಯುವುದೇ ಇಲ್ಲ. ಪೇಂಟ್ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು: 300 ಮೈಕ್ರಾನ್‌ವರೆಗೆ ಮರುಬಣ್ಣ ಎನ್ನಬಹುದು, 1000 ದಾಟಿದರೆ ಅಡಿಯಲ್ಲಿ ದಪ್ಪ ಪುಟ್ಟಿಯಿದೆ. ಟಿಂಕರಿಂಗ್ ಮಾಡಿದವರು ಕಣ್ಣಿಗೆ ಬೀಳುವ ಬದಿ ತೀಡುತ್ತಾರೆ, ಅಡಿಯನ್ನು ಬಿಡುತ್ತಾರೆ. ಹಾಗಾಗಿ ಪ್ರತಿ ಪ್ಯಾನೆಲ್ಲನ್ನೂ ಹಿಂದಿನಿಂದ ಕೈಗನ್ನಡಿ ಹಿಡಿದು ನೋಡಿ.

ನೀರು ನಿಲ್ಲುವ ಜಾಗಗಳು ಈ ಬಾಡಿಯಲ್ಲಿ ಮೊದಲಿನಿಂದಲೂ ಅವೇ. ಡ್ರೈವರ್ ಸೀಟಿನ ಕೆಳಗೆ ಪೆಟ್ರೋಲ್ ಟ್ಯಾಂಕು ಕೂರುವ ತಗ್ಗಿದೆ. ಅದರ ತೂತು ಮಣ್ಣಿನಿಂದ ಮುಚ್ಚಿದರೆ ಟ್ಯಾಂಕಿನ ತಳವೂ ತಗ್ಗಿನ ತಗಡೂ ಒಟ್ಟಿಗೆ ಕರಗುತ್ತವೆ. ಆ ಸೀಟು ಎತ್ತಿಸದೆ ಟೋಕನ್ ಕೊಡಬೇಡಿ. ಇನ್ನೊಂದು ಸೀಟಿನ ಕೆಳಗಿನ ಟೂಲ್‌ಬಾಕ್ಸ್, ನೆಲದಡಿಯ ಟೋಪಿ ಆಕಾರದ ಚಾನೆಲ್ಲುಗಳು, ಗಾಜಿನ ಚೌಕಟ್ಟಿನ ಬುಡ, ಹಿಂದಿನ ಮೂಲೆಗಳು, ಬ್ಯಾಟರಿ ತಟ್ಟೆ ಉಳಿದವು. ಎರಡು ತಗಡು ಒಂದರ ಮೇಲೊಂದು ಕೂತ ಕಡೆ ನೀರು ಸಂದಿಗೆ ಏರಿ ಒಣಗದೆ ಉಳಿಯುತ್ತದೆ. ತುಕ್ಕು ಉಕ್ಕಿಗಿಂತ ಹೆಚ್ಚು ಜಾಗ ಕೇಳುವುದರಿಂದ ಸಂದಿ ಉಬ್ಬಿ ಬಾಯಿ ಬಿಡುತ್ತದೆ. ಕೂಡಿನ ಅಂಚು ಅಲೆಅಲೆಯಾಗಿ ಕಂಡರೆ ಒಳಗೆ ಕೆಲಸ ನಡೆದಿದೆ ಎಂದರ್ಥ. ಮುಂಬೈ ಗಾಡಿಯಾದರೆ ಡ್ಯಾಶ್‌ಬೋರ್ಡಿನ ಹಿಂಬದಿಯಲ್ಲಿ ಒಣ ಕೆಸರಿನ ಗೆರೆ ಇದೆಯೇ ನೋಡಿ. 2005ರ ಜುಲೈ 26ರ ನೆರೆಯಂಥದ್ದರಲ್ಲಿ ಮುಳುಗಿದ ಗಾಡಿಗಳ ಗುರುತು ಅಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ನೆಲದ ತಗಡು ತೂತಾಗಿದ್ದರೆ ಗಾಬರಿ ಬೇಡ. ಅದು ಸಪಾಟು ತಗಡು, ಒಳ್ಳೆಯ ಟಿಂಕರ್ ಸುಲಭವಾಗಿ ಹಾಕಿಕೊಡುತ್ತಾನೆ. ಗಾಜಿನ ಚೌಕಟ್ಟು, ಕೌಲು (ಬಾನೆಟ್ಟಿಗೂ ಗಾಜಿಗೂ ನಡುವಿನ ತಗಡು), ಗ್ರಿಲ್ಲು ಇವುಗಳಲ್ಲಿ ತಿರುವುಗಳಿವೆ. ಕೈಯಲ್ಲಿ ತಟ್ಟಿ ಮಾಡಿದ್ದು ಎಂದೂ ಮೂಲದಂತೆ ಬರುವುದಿಲ್ಲ.

ಈಗ ಬಾನೆಟ್ಟು ಎತ್ತಬಹುದು. ಹರಿಕೇನ್ ಎಂಜಿನ್ ಇದ್ದಲ್ಲೇ ಇದ್ದರೆ ಅರ್ಧ ಗೆದ್ದಂತೆ. ಪೆಟ್ರೋಲ್ ದುಬಾರಿಯೆಂದು ಅನೇಕರು ಅದನ್ನು ಕಿತ್ತು ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ಪುಣೆ ಕಡೆ ಅಂಥದ್ದು ಬಹಳಷ್ಟು ಸಲ ಮೆಟಡೋರ್ ವ್ಯಾನಿನ ಎಂಜಿನ್ನೇ. ಆಕುರ್ಡಿಯ ಬಜಾಜ್ ಟೆಂಪೋ ಕಾರ್ಖಾನೆ ಪಕ್ಕದಲ್ಲೇ ಇದ್ದದ್ದರಿಂದ ಬಿಡಿಭಾಗಕ್ಕೂ ಮೆಕ್ಯಾನಿಕ್ಕಿಗೂ ಬರವಿರಲಿಲ್ಲ. ಓಡಿಸಲು ಆ ಎಂಜಿನ್ ಗಟ್ಟಿಮುಟ್ಟು. ಆದರೆ ಎಂಜಿನ್ ಮೌಂಟಿಗಾಗಿ ಚಾಸಿ ಕತ್ತರಿಸಿದ್ದಾರೆಯೇ, ಆರ್‌ಸಿಯಲ್ಲಿ ಇಂಧನ ಡೀಸೆಲ್ ಎಂದಾಗಿದೆಯೇ ನೋಡಲೇಬೇಕು.

ಮೂಲ ಎಂಜಿನ್ನಾದರೆ ಕಂಪ್ರೆಷನ್ ಗೇಜ್ ಹಾಕಿಸಿ. ಪ್ರತಿ ಸಿಲಿಂಡರಿಗೂ 120ರ ಆಸುಪಾಸು ಪಿಎಸ್‌ಐ ಬರಬೇಕು, ಒಂದಕ್ಕೊಂದು 10ಕ್ಕಿಂತ ಹೆಚ್ಚು ಅಂತರವಿರಬಾರದು. ಒಂದರಲ್ಲಿ ಮಾತ್ರ ಕಡಿಮೆ ಬಂದರೆ ಎಕ್ಸಾಸ್ಟ್ ವಾಲ್ವು ಸುಟ್ಟಿರಬಹುದು. ಅದಕ್ಕಿಂತ ಕೆಟ್ಟದ್ದು ವಾಲ್ವ್ ಸೀಟಿಗೂ ಸಿಲಿಂಡರಿಗೂ ನಡುವೆ ಬ್ಲಾಕು ಬಿರುಕು ಬಿಟ್ಟಿರುವುದು. ನೀರು ಕಮ್ಮಿಯಾಗಿ ಕಾದ ಎಂಜಿನ್ನುಗಳಲ್ಲಿ ಇದು ಮಾಮೂಲು, ಹೆಡ್ಡು ಎತ್ತದೆ ಗೊತ್ತಾಗುವುದಿಲ್ಲ. ವಾಲ್ವ್ ಗ್ಯಾಪು ತಣ್ಣಗಿದ್ದಾಗ ಇನ್‌ಲೆಟ್ 0.018 ಇಂಚು, ಎಕ್ಸಾಸ್ಟ್ 0.016. ಕಾರ್ಬುರೇಟರ್ ಬದಲಾಗಿರುವುದು, ಡೈನಮೋ ಹೋಗಿ ಆಲ್ಟರ್ನೇಟರ್ ಬಂದಿರುವುದು ಇವನ್ನೆಲ್ಲ ಕ್ಷಮಿಸಬಹುದು. ಹಳೆಯ ಭಾಗವನ್ನು ಗೋಣಿಯಲ್ಲಿ ಕಟ್ಟಿಟ್ಟಿದ್ದರೆ ಕೇಳಿ ತೆಗೆದುಕೊಳ್ಳಿ.

ಗೇರ್‌ಬಾಕ್ಸಿನ ಮೊದಲ ಗೇರಿಗೆ ಸಿಂಕ್ರೋ (ಓಡುವಾಗ ಗೇರು ಸಲೀಸಾಗಿ ಕೂರಲು ನೆರವಾಗುವ ಬಳೆ) ಇಲ್ಲ, ನಿಂತೇ ಹಾಕಬೇಕು, ಆ ಸದ್ದು ದೋಷವಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಎರಡನೇ ಗೇರು ಹೊರಗೆ ಎಗರಿದರೆ ಅದು ದೋಷ. ಗೇರ್‌ಬಾಕ್ಸಿನ ಎಣ್ಣೆ ಟ್ರಾನ್ಸ್‌ಫರ್ ಕೇಸಿಗೆ ಹರಿಯುವುದುಂಟು. ಒಂದರಲ್ಲಿ ಕಡಿಮೆ, ಇನ್ನೊಂದರಲ್ಲಿ ತುಳುಕುವಷ್ಟು ಇದ್ದರೆ ನಡುವಿನ ಸೀಲು ನೋಡಿಸಬೇಕು. ಎರಡರ ಡ್ರೈನ್ ಬೋಲ್ಟೂ ತುಸು ಸಡಿಲಿಸಿ ಎಣ್ಣೆಯ ಬಣ್ಣ ನೋಡಿ, ಹಾಲಿನಂತಿದ್ದರೆ ನೀರು ಸೇರಿದೆ. ಹ್ಯಾಂಡ್‌ಬ್ರೇಕ್ ಡ್ರಮ್ಮು ಟ್ರಾನ್ಸ್‌ಫರ್ ಕೇಸಿನ ಹಿಂದೆಯೇ ಇರುವುದರಿಂದ ಅಲ್ಲಿನ ಸೀಲು ಸೋರಿದರೆ ಲೈನರು ಎಣ್ಣೆಯಲ್ಲಿ ನೆನೆದು ಬ್ರೇಕು ಹಿಡಿಯುವುದೇ ಇಲ್ಲ. ಕೇಬಲ್ ಬಿಗಿ ಮಾಡಿಸಿಕೊಡುತ್ತೇನೆ ಎನ್ನುವ ಮಾತಿಗೆ ಒಪ್ಪಬೇಡಿ.

ಆಕ್ಸಲ್ಲುಗಳ ಅನುಪಾತ ಪರೀಕ್ಷೆ ತಪ್ಪಿಸಬಾರದ್ದು. ಈ ಗಾಡಿಗೆ 5.38, ಕ್ರೌನಿನಲ್ಲಿ 43 ಹಲ್ಲು, ಪಿನಿಯನ್ನಿನಲ್ಲಿ 8. ಗೇರು ನ್ಯೂಟ್ರಲ್ ಮಾಡಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರ ಮಾತ್ರ ಜಾಕಿನಲ್ಲಿ ಎತ್ತಿ, ಅದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಒಂದೇ ಚಕ್ರ ಎತ್ತಿದ್ದರಿಂದ ಅದರ ಎರಡು ಸುತ್ತು ಕ್ರೌನಿನ ಒಂದು ಸುತ್ತಿಗೆ ಸಮ, ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟು (ಟ್ರಾನ್ಸ್‌ಫರ್ ಕೇಸಿನಿಂದ ಆಕ್ಸಲ್ಲಿಗೆ ಬರುವ ದಂಡ) ಐದೂ ಕಾಲಿಗಿಂತ ತುಸು ಹೆಚ್ಚು ಸುತ್ತಬೇಕು. ಮುಂದಿನದಕ್ಕೂ ಹೀಗೇ, ಮುಂಚಕ್ರವನ್ನು ಆಕ್ಸಲ್ಲಿನಿಂದ ಬಿಡಿಸುವ ಫ್ರೀವ್ಹೀಲ್ ಹಬ್ ಇದ್ದರೆ ಲಾಕ್ ಮಾಡಿಕೊಂಡು. ಮುಂದೊಂದು ಹಿಂದೊಂದು ಬಂದರೆ ಯಾರೋ ಬೇರೆ ಮಾದರಿಯ ಆಕ್ಸಲ್ ತಂದು ಹಾಕಿದ್ದಾರೆ. ಅದರಲ್ಲಿ ಫೋರ್ ವ್ಹೀಲ್ ಹಾಕಿ ಟಾರು ರಸ್ತೆಯಲ್ಲಿ ಓಡಿಸಿದರೆ ಟ್ರಾನ್ಸ್‌ಫರ್ ಕೇಸು ಬಿಗಿದುಕೊಂಡು ಕೊನೆಗೆ ಎಲ್ಲೋ ಒಂದು ಕಡೆ ಮುರಿಯುತ್ತದೆ.

ಸ್ಟಿಯರಿಂಗ್ ತಿರುಗಿಸಿದರೆ ಚಕ್ರ ಅಲುಗುವ ಮುಂಚೆ ಎರಡು ಇಂಚಿಗಿಂತ ಹೆಚ್ಚು ಆಟ ಇದ್ದರೆ ಮೊದಲು ನಡುವಿನ ಬೆಲ್‌ಕ್ರ್ಯಾಂಕ್ (ಸ್ಟಿಯರಿಂಗಿನ ಚಲನೆಯನ್ನು ಚಕ್ರಗಳ ಕಡೆಗೆ ತಿರುಗಿಸುವ ಕೀಲು) ನೋಡಿ, ಆಮೇಲೆ ಚಕ್ರ ತಿರುಗಿಸುವ ಸರಳು ಟೈರಾಡ್, ಕೊನೆಗೆ ಸ್ಟಿಯರಿಂಗ್ ಬಾಕ್ಸ್. ಗ್ಯಾರೇಜಿನವರು ಇದನ್ನೇ ಉಲ್ಟಾ ಕ್ರಮದಲ್ಲಿ ಹೇಳುವುದುಂಟು, ಯಾಕೆಂದರೆ ಬಾಕ್ಸು ದುಬಾರಿ. ಅಸಲಿ ಟೈರು 6.00-16. ದಪ್ಪ ಟೈರು ಹಾಕಿದ ಗಾಡಿಯಲ್ಲಿ ಮುಂಚಕ್ರ ಪಕ್ಕಕ್ಕೆ ತಿರುಗುವ ಕಿಂಗ್‌ಪಿನ್ನಿನ ಬೇರಿಂಗುಗಳು ಬೇಗ ಸವೆಯುತ್ತವೆ, 50 ಕಿಮೀ ವೇಗದಲ್ಲಿ ಮುಂಚಕ್ರ ನಡುಗತೊಡಗುತ್ತದೆ.

ಓಡಿಸುವ ವಿಷಯದಲ್ಲಿ ಹೆಚ್ಚು ಹೇಳಲು ಇಲ್ಲ. 60ರಲ್ಲಿ ಆರಾಮ, 70ರಲ್ಲಿ ಕೂಗಾಟ, ಬ್ರೇಕು ಡ್ರಮ್ಮು. ಎಕ್ಸ್‌ಪ್ರೆಸ್‌ವೇಗೆ ಹೇಳಿಮಾಡಿಸಿದ ಗಾಡಿಯಲ್ಲ. ಲೋ ಗೇರಿನಲ್ಲಿ ಸಹ್ಯಾದ್ರಿಯ ಕಚ್ಚಾದಾರಿ ಏರುವಾಗ ಮಾತ್ರ ಇದರ ಮುಂದೆ ಇವತ್ತಿನ ಎಷ್ಟೋ ಗಾಡಿ ತಲೆಬಾಗಬೇಕು.

ಕಾಗದಪತ್ರಕ್ಕೆ ಬಂದರೆ, 2021ರಲ್ಲಿ ಬಂದ ಕೇಂದ್ರದ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನಿನಲ್ಲಿ ಬದಲಾವಣೆಯಿಲ್ಲದ ಖಾಸಗಿ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ನವೀಕರಣಕ್ಕೆ 5,000. ಆದರೆ ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಷ್ಟಕ್ಕೆ ಮಾತ್ರ. ತೋಟಕ್ಕೆ ಓಡಾಡಲು ಬೇಕಿದ್ದರೆ ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಳ್ಳಿ. 15 ವರ್ಷದ ನಂತರ 5 ವರ್ಷಕ್ಕೊಮ್ಮೆ ಫಿಟ್‌ನೆಸ್ ಮಾಡಿಸಿ ಮುಂದುವರಿಸಬಹುದು. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲೇ ಹೇಳಿದೆ. ಆದ್ದರಿಂದ ಡಬವಾಲಿ ಬಾಡಿಯ ಗಾಡಿಗೆ ಫಿಟ್‌ನೆಸ್ ದಿನ ತೊಂದರೆ ಎದುರಾಗಬಹುದು.

ಎಂಎಚ್, ಜಿಎ ಸರಣಿ ಬರುವ ಮುಂಚಿನ ಮೂರಕ್ಷರದ ನಂಬರುಗಳ ದಾಖಲೆ ಅನೇಕ ಸಲ ಸರ್ಕಾರದ 'ವಾಹನ್' ಎಂಬ ಕಂಪ್ಯೂಟರ್ ದಾಖಲೆ ವ್ಯವಸ್ಥೆಯಲ್ಲಿ ಇರುವುದಿಲ್ಲ. ಕೈಬರಹದ ಆರ್‌ಸಿ ಬುಕ್ಕಿನಿಂದ ಬ್ಯಾಕ್‌ಲಾಗ್ ಎಂಟ್ರಿ (ಹಳೆಯ ದಾಖಲೆಯನ್ನು ಅದರೊಳಗೆ ಸೇರಿಸುವುದು) ಮಾಡಿಸಬೇಕು. ಅದನ್ನು ಮಾರುವವರೇ, ಅವರದೇ ಆರ್‌ಟಿಓದಲ್ಲಿ, ಪೂರ್ತಿ ಹಣ ಕೈಸೇರುವ ಮುಂಚೆ ಮಾಡಿಸಿಕೊಡಬೇಕು. ಬೆಳಗಾವಿಗೋ ಶಿರಸಿಗೋ ಗಾಡಿ ಒಯ್ಯುವವರಿಗೆ ನಮೂನೆ 28ರ ಎನ್‌ಓಸಿ (ನಿರಾಕ್ಷೇಪಣಾ ಪತ್ರ), ವರ್ಗಾವಣೆಗೆ 29 ಮತ್ತು 30 ಬೇಕು. ಕರ್ನಾಟಕದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರು ಪಡೆಯಬೇಕು, ತೆರಿಗೆಯೂ ಕಟ್ಟಬೇಕು. ಆ ಖರ್ಚನ್ನು ಬೆಲೆಯ ಚೌಕಾಸಿಯಲ್ಲೇ ಸೇರಿಸಿ.

ಸಣ್ಣ ಬಿಡಿಭಾಗಗಳಿಗೆ ಪುಣೆಯಲ್ಲಿ ನಾನಾ ಪೇಠ್, ಮುಂಬೈಯಲ್ಲಿ ಕುರ್ಲಾ. ಸೀಲು, ಕ್ರಾಸು, ಬ್ರೇಕ್ ಸಿಲಿಂಡರು ಸಲೀಸಾಗಿ ಸಿಗುತ್ತವೆ. ಹರಿಕೇನ್ ಹೆಡ್ಡು, ಒಳ್ಳೆಯ ಗಾಜಿನ ಚೌಕಟ್ಟು, ಬಿರುಕಿಲ್ಲದ ಬ್ಲಾಕು ಸಿಗುವುದು ಕಷ್ಟ. ಖರೀದಿಯಾದ ಮೇಲೆ ಗಾಡಿಯನ್ನು ಘಾಟಿಯಲ್ಲಿ ಓಡಿಸಿಕೊಂಡು ಬರುವ ಆತುರ ಬೇಡ. ಲಾರಿಯ ಮೇಲೆ ತರಿಸಿ, ಎಲ್ಲ ಎಣ್ಣೆ ಬದಲಿಸಿ. ಗೇರ್‌ಬಾಕ್ಸಿಗೆ ಸುಮಾರು 1.4 ಲೀಟರ್, ಟ್ರಾನ್ಸ್‌ಫರ್ ಕೇಸಿಗೆ 1.6, ಎರಡಕ್ಕೂ ಜಿಎಲ್-4 ದರ್ಜೆಯ 90 ನಂಬರ್ ಎಣ್ಣೆ. ಜಿಎಲ್-5 ಹಾಕಿದರೆ ಅದರಲ್ಲಿರುವ ಗಂಧಕ ಸಿಂಕ್ರೋದ ಹಿತ್ತಾಳೆ ಬಳೆಗಳನ್ನು ತಿನ್ನುತ್ತದೆ. ಬ್ರೇಕಿನ ರಬ್ಬರುಗಳನ್ನಂತೂ ಹೇಗಿದ್ದರೂ ಹೊಸದೇ ಹಾಕಿಸಿ. ಮಾಸ್ಟರ್ ಸಿಲಿಂಡರ್ ಒಂದೇ, ಅದೂ ನೆಲದಡಿ, ಕೆಸರಿನ ದಾರಿಯಲ್ಲಿ.